ಹಿಟ್ಟಿನ ಗಿರಣಿಯಲ್ಲಿ ಕಲಿತ ಫ್ರೆಂಚ್

ಅವರ ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ಸಂಜೆ ಗಿರಣಿ ಬಂದ್ ಮಾಡಿ ಮುಖ ತೊಳೆದುಕೊಂಡಾಗಷ್ಟೇ ಆ ಹುಬ್ಬುಗಳು ಇನ್ನೂ ಕಪ್ಪಗಿವೆ ಎಂದು ತಿಳಿಯುತ್ತಿತ್ತು. ಒಂದು ದಿನ ಹಿಟ್ಟಿನ ಮುಖ ಹೊತ್ತುಕೊಂಡೇ ಅವರು ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು, ಮೊದಲ ಸಾಲನ್ನು ಗಟ್ಟಿಯಾಗಿ ಓದಿದ್ದರು. ಧಾರವಾಡದಲ್ಲಿ ನನಗೆ ಪಾಠ ಹೇಳುತ್ತಿದ್ದವರ ಬಾಯಲ್ಲೂ ಅಂಥ ಫ್ರೆಂಚ್ ನಾನು ಕೇಳಿರಲಿಲ್ಲ.

ಬೈಲಹೊಂಗಲದಲ್ಲಿ ನಮ್ಮ ಓಣಿಯ ತುದಿಗೆ ಅವರ ಗಿರಣಿ. ಊರಿಗೆಲ್ಲ ಅವರು ಗಿರಣಿ ಅವ್ವ. ನಾನೊಬ್ಬಳೇ ಅಕ್ಕೋರು ಎನ್ನುತ್ತಿದ್ದೆ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತೇವೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಿ.ಎ. ಮುಗಿಸಿದ ನಾನು ಧಾರವಾಡದಲ್ಲಿ ಫ್ರೆಂಚ್ ಡಿಪ್ಲೊಮಾ ಸೇರಿದ್ದೆ. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು. ಮೊದಲ ವರ್ಷ ಹೇಗೋ ದಾಟಿತು. ಎರಡನೆಯ ವರ್ಷ ಕಥೆಗಳು ಬಂದವು, ಅವುಗಳ ಜೊತೆಗೆ ಯಾರೂ ಬಾಯಲ್ಲಿ ಆಡದ, ಪುಸ್ತಕದಲ್ಲಿ ಮಾತ್ರ ಉಳಿದಿರುವ ಒಂದು ಭೂತಕಾಲವೂ ಬಂತು. ಒಂದೊಂದು ಕ್ರಿಯಾಪದಕ್ಕೆ ಆರು ರೂಪ, ಒಂದು ಕ್ರಿಯಾಪದದಂತೆ ಇನ್ನೊಂದಿಲ್ಲ. ಆ ಪತ್ರಿಕೆಯಲ್ಲಿ ನಾನು ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಓದು ಬಿಡಿಸಿ ಮದುವೆ ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಇದು ಮಾತಾಡೂದಲ್ಲ ತಂಗಿ, ಕತಿ ಹೇಳೂದು," ಎಂದರು ಅಕ್ಕೋರು ಆ ದಿನ ಪುಸ್ತಕ ವಾಪಸು ಕೊಡುತ್ತ. "ಹೀಂಗ ಬಜಾರದಾಗ ಮಾತಾಡಿದ್ರ ಅಲ್ಲಿಯ ಮಂದಿ ನಗತಾರ."

"ನಿಮಗ ಹೆಂಗ ಬರತೈತ್ರಿ?"

"ಬರತಿತ್ತು," ಎಂದು ಜೋಳದ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿದರು.

ಅವರ ತಂದೆ ಪಾಂಡಿಚೇರಿಯ ನೂಲಿನ ಮಿಲ್ಲಿನಲ್ಲಿ ಕಾರಕೂನರು. ಮಗಳು ಅಲ್ಲಿಯ ಫ್ರೆಂಚ್ ಸಾಲಿಯಲ್ಲಿ ಕಲಿತಳು. ಹದಿನೆಂಟಕ್ಕೆ ಸೋದರತ್ತೆಯ ಮಗನನ್ನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೆ ಗಿರಣಿ ಅವರ ಪಾಲಿಗೆ ಬಂತು. ಮೂವತ್ತು ವರ್ಷ ಆ ಭಾಷೆಯ ಒಂದು ಮಾತೂ ಆಡಿರಲಿಲ್ಲವಂತೆ. ಯಾಕೆಂದು ಕೇಳಿದ್ದಕ್ಕೆ, "ಯಾರ ಕೂಡ ಆಡ್ಲಿ? ಈ ಕಲ್ಲಿನ ಕೂಡ?" ಎಂದಿದ್ದರು.

ಆದರೂ ನನಗೆ ಕಲಿಸಲು ಒಪ್ಪಿದರು. ಆಗ ದಿನಾ ಮಧ್ಯಾಹ್ನ ಎರಡು ತಾಸು ಕರೆಂಟು ತೆಗೆಯುತ್ತಿದ್ದರು. ಅದೇ ನಮ್ಮ ಪಾಠದ ಹೊತ್ತು. ಗಿರಣಿ ನಿಂತ ಕೂಡಲೇ ಊರೆಲ್ಲ ಕಿವಿಯಿಂದ ಹತ್ತಿ ತೆಗೆದಂತೆ ಆಗುತ್ತಿತ್ತು. ಪಾಠಕ್ಕೆ ಮೊದಲು ಒಂದು ಕೆಲಸ ಇರುತ್ತಿತ್ತು. ಮೋಟರಿನ ಸ್ಟಾರ್ಟರಿನ ಗುಂಡಿ ಹಳೆಯದಾಗಿ ಒತ್ತಿದರೆ ನಿಲ್ಲುತ್ತಿರಲಿಲ್ಲ, ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಹೀಗಾಗಿ ಕರೆಂಟು ಬಂದರೆ ಮೋಟರು ತಾನೇ ಶುರುವಾಗುತ್ತಿತ್ತು. ಅದಕ್ಕೆ ಕರೆಂಟು ಹೋದೊಡನೆ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗಿಳಿಸಬೇಕು, ಆಮೇಲೆಯೇ ಕಲ್ಲು ತಿರುಗಿಸುವ ಪಟ್ಟಾ ಮುಟ್ಟಬೇಕು. ಹಿಡಿಕೆ ಇಳಿಸುವುದು ನನ್ನ ಪಾಲು. ಮೋಟರಿನಿಂದ ಪಟ್ಟಾ ಕಳಚಿ ಅದು ಜಾರದಂತೆ ರಾಳ ತಿಕ್ಕುವುದು ಅವರ ಪಾಲು.

"ಇಳಿಸಿದ್ಯಾ?"

"ಇಳಿಸೇನ್ರಿ."

ಅದು ದಿನದ ಮಾತು. ನಮಸ್ಕಾರ ಹೇಳಿದ ಹಾಗೆ.

ಪಟ್ಟಾ ಕಳಚಿದ ಮೇಲೆ ಅವರು ಚೀಲದ ಮೇಲೆ ಕೂತು ಬಲಗೈ ಬೆರಳುಗಳಿಂದ ಖಾಲಿ ಡಬ್ಬಿ ಬಡಿಯುತ್ತಿದ್ದರು. ಆರು ರೂಪಕ್ಕೆ ಆರು ಪೆಟ್ಟು. ಪೆಟ್ಟು ಬೀಳುವುದರೊಳಗೆ ರೂಪ ನನ್ನ ಬಾಯಿಂದ ಬರಬೇಕು, ತಡವಾದರೆ ಮೊದಲಿನಿಂದ. ಉದಾಹರಣೆಗಳೆಲ್ಲ ನಮ್ಮ ಕಡೆಯವೇ. ರಾಜರು ಸಾಯುವ, ಹಡಗು ಮುಳುಗುವ ಆ ಗಂಭೀರ ಭೂತಕಾಲದಲ್ಲಿ ನಮ್ಮ ರಾಮದುರ್ಗದ ಬಸ್ಸು ತಡವಾಗಿ ಬಂದಿತು, ಕಿತ್ತೂರಿನ ಮುದುಕಿ ಕಂಡಕ್ಟರನ ಜೊತೆ ಜಗಳವಾಡಿದಳು, ಸವದತ್ತಿಯಲ್ಲಿ ಒಂದು ಮೇಕೆ ಬಾಳೆಹಣ್ಣು ಕಸಿದುಕೊಂಡು ಓಡಿತು. 'ಬರು' ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದ ರೂಪಗಳು ಮೂಗಿನಲ್ಲಿ ವ್ಯಾಂ ವ್ಯಾಂ ಎಂದೇ ಹೊರಡುತ್ತವೆ. ಹಿಟ್ಟಿಗೆ ಕಾದು ಕೂತ ಹೆಂಗಸೊಬ್ಬಳು ಒಮ್ಮೆ, "ಅವ್ವಾರ, ಒಳಗ ಯಾರ ಕೂಸರೀ ಅಳಾಕ ಹತ್ತಿದ್ದು?" ಎಂದಿದ್ದಳು.

"ನಂದಽ ಐತಿ. ಹಲ್ಲು ಬರಾಕ ಹತ್ಯಾವು," ಎಂದಿದ್ದರು ಅಕ್ಕೋರು.

ಆ ದಿನವೂ 'ಬರು' ಕ್ರಿಯಾಪದವೇ. ಹಿಂದಿನ ದಿನ ಮೂರು ಸಲ ತಪ್ಪಿದ್ದೆ. ರಾತ್ರಿ ಕೂತು ಬಾಯಿಪಾಠ ಮಾಡಿ, ಅದು ಮರೆಯುವ ಮೊದಲು ಒಪ್ಪಿಸಬೇಕೆಂದು ಓಡಿ ಬಂದಿದ್ದೆ. ಕರೆಂಟು ಹೋಯಿತು. ನೋಟ್‌ಬುಕ್ಕು ಎದೆಗವಚಿಕೊಂಡು ಬಾಗಿಲಲ್ಲೇ ನಿಂತು ಶುರು ಮಾಡಿದೆ.

"ಇಳಿಸಿದ್ಯಾ?"

"ಇಳಿಸೇನ್ರಿ," ಎಂದೆ. ಎಂದವಳು ನಿಂತಲ್ಲಿಂದ ಕದಲಿರಲಿಲ್ಲ.

ಮೊದಲ ಮೂರು ರೂಪ ಹೇಳಿದೆ. ಅವರು ಪಟ್ಟಾಕ್ಕೆ ಕೈ ಹಾಕಿ, ನನ್ನ ಕಡೆ ಮುಖ ತಿರುಗಿಸಿ, ಸರಿ ಎಂಬಂತೆ ನಕ್ಕರು. ನಾಲ್ಕನೆಯದಕ್ಕೆ 'ನೂ' ಎಂದಿದ್ದೆ, ಅಂದರೆ 'ನಾವು'. ಆ ದಿನ ಕರೆಂಟು ಎರಡು ತಾಸು ತಡೆಯಲಿಲ್ಲ. ಎರಡು ನಿಮಿಷದಲ್ಲೇ ವಾಪಸು ಬಂತು.

ಮೋಟರಿನ ಗುರ್ ಎಂಬ ಸದ್ದು ಈಗಲೂ ನನಗೆ ಕೇಳುತ್ತದೆ. ಅವರ ನಗು ಇನ್ನೂ ಮುಖದ ಮೇಲಿದ್ದಾಗಲೇ ಕೈ ಪಟ್ಟಾದ ಜೊತೆ ಗಾಲಿಯ ಕಡೆ ಹೋಯಿತು. ಬಾಗಿಲಿನಿಂದ ಹಿಡಿಕೆಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಇಡುವ ಮೊದಲು ನಾನು ಎಷ್ಟು ಹೊತ್ತು ನಿಂತಿದ್ದೆ ಎಂದು ಇಷ್ಟು ವರ್ಷಗಳಿಂದ ಲೆಕ್ಕ ಹಾಕುತ್ತಿದ್ದೇನೆ. ಒಂದು ಉಸಿರೋ, ಮೂರೋ. ಹಿಡಿಕೆ ಇಳಿಸಿ ತಿರುಗಿ ನೋಡಿದಾಗ ಅವರು ನೆಲದ ಮೇಲೆ, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ನನ್ನ ನೋಟ್‌ಬುಕ್ಕು ಹಿಟ್ಟಿನಲ್ಲಿ ಬಿದ್ದಿತ್ತು.

ಎರಡು ಬೆರಳು ಹೋದವು. ದವಾಖಾನೆಯಲ್ಲಿ ಕೇಳಿದವರಿಗೆ, ಮನೆಗೆ ನೋಡಲು ಬಂದವರಿಗೆ, ಎಲ್ಲರಿಗೂ ಅವರು ಹೇಳಿದ್ದು ಒಂದೇ: "ಹಿಡಿಕಿ ಇಳಸೂದು ನಾನಽ ಮರತೆ." ನಾನು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡೆ. ಆಮೇಲೆ ಗಿರಣಿಯ ಕಡೆ ಹೋಗುವುದನ್ನು ಬಿಟ್ಟೆ. ಪುಸ್ತಕ ತೆರೆದರೆ ಮೋಟರು ಕೇಳಿಸುತ್ತಿತ್ತು. ಪರೀಕ್ಷೆಗೆ ಕೂಡುವುದಿಲ್ಲ ಎಂದು ಅವ್ವನಿಗೆ ಹೇಳಿಬಿಟ್ಟೆ.

ಮೂರು ವಾರದ ಮೇಲೆ ಅಕ್ಕೋರೇ ನಮ್ಮ ಮನೆಗೆ ಬಂದರು. ಬಲಗೈಗೆ ದಪ್ಪ ಪಟ್ಟಿ, ಕಂಕುಳಲ್ಲಿ ನನ್ನ ನೋಟ್‌ಬುಕ್ಕು. ಹಿಟ್ಟು ಒರೆಸಿ, ಕಿತ್ತ ಹಾಳೆಗಳನ್ನು ಸೇರಿಸಿ ಹೊಲಿದಿದ್ದರು. ಎಡಗೈಯ ಸೊಟ್ಟ ಹೊಲಿಗೆ.

"ನಾ ಪರೀಕ್ಷಾಕ್ಕ ಕುಂದ್ರೂದಿಲ್ರಿ, ಅಕ್ಕೋರ."

"ಯಾಕ? ನಾನು ಎಂಟು ಬೆರಳಿನ್ಯಾಗ ಗಿರಣಿ ನಡಸಾಕ ನಿಂತೇನಿ. ನಿನಗ ಹತ್ತು ಬೆರಳಿದ್ದೂ ಬರಿಯಾಕ ಆಗೂದಿಲ್ಲೇನು?"

ಅವ್ವ ಚಹಾ ತಂದಿಟ್ಟು ಒಳಗೆ ಹೋದಳು. ಇದೇ ಹೊತ್ತೆಂದು, "ಅಕ್ಕೋರ, ಆ ದಿನ ನಾನು..." ಎಂದು ಬಾಯಿ ತೆಗೆದೆ.

"ಚಾ ಆರಾಕ ಹತ್ತೈತಿ, ಕುಡಿ," ಎಂದರು. "ಆರರಾಗ ಮೂರು ಹೇಳಿದಿ, ಮೂರು ಉಳದಾವು. ನಾಳಿಗೆ ಬಾ."

ಹೋದೆ. ಹೊಸ ಸ್ಟಾರ್ಟರು ಬೆಳಗಾವಿಯಿಂದ ಬರಬೇಕಿತ್ತು, ಹಳೆಯದಕ್ಕೆ ಇನ್ನೂ ಅದೇ ಹಗ್ಗ. ಹಿಟ್ಟಿಗೆ ಬಂದ ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಕರೆಂಟು ಹೋಯಿತು. ಅಕ್ಕೋರು ಎದ್ದು, ನನಗೆ ಬೆನ್ನು ಮಾಡಿ, ಪಟ್ಟಾದ ಹತ್ತಿರ ನಿಂತರು.

"ಇಳಿಸಿದ್ಯಾ?"

ನಾನು ಆ ಹಗ್ಗವನ್ನೇ ನೋಡಿದೆ. ಅವರು ಕಾದರು. ಹೋಗಿ ಎರಡೂ ಕೈಯಿಂದ ಹಿಡಿಕೆ ಎಳೆದೆ. ಇಳಿದಿದ್ದನ್ನು ನೋಡಿದೆ, ಮತ್ತೊಮ್ಮೆ ನೋಡಿದೆ, ಕೈಯಿಟ್ಟು ಒತ್ತಿ ನೋಡಿದೆ.

"ಇಳಿಸೇನ್ರಿ."

ಕಟ್ಟೆಯ ಮೇಲಿನವಳು ತಡೆಯಲಾರದೆ, "ಅವ್ವಾರ, ಒಮ್ಮಿ ಹೊಳ್ಳಿ ನೋಡ್ರಿ," ಎಂದಳು.

"ಆಕಿ ಹೇಳ್ಯಾಳಲ್ಲ," ಎಂದರು ಅಕ್ಕೋರು. ತಿರುಗಿ ನೋಡದೆ, ಉಳಿದ ಒಳ್ಳೆಯ ಕೈಯನ್ನು ಪಟ್ಟಾದ ಮೇಲಿಟ್ಟರು.

ಆಮೇಲೆ ಚೀಲದ ಮೇಲೆ ಕೂತು ಎಡಗೈಯಿಂದ ಡಬ್ಬಿ ಬಡಿದರು. ಪೆಟ್ಟುಗಳು ತಾಳ ತಪ್ಪುತ್ತಿದ್ದವು. ನಾನು ಅಳುತ್ತಲೇ ಆರೂ ರೂಪ ಹೇಳಿ ಮುಗಿಸಿದೆ. ವ್ಯಾಂ ವ್ಯಾಂ ಎನ್ನುವುದಕ್ಕೂ ನನ್ನ ಅಳುವಿಗೂ ಕಟ್ಟೆಯ ಮೇಲಿನವರಿಗೆ ವ್ಯತ್ಯಾಸ ತಿಳಿದಿರಲಿಕ್ಕಿಲ್ಲ.

ಪಾಸಾದೆ. ಮುಂದೆ ಓದಿದೆ, ಈಗ ಅದೇ ಭಾಷೆಯನ್ನು ಕಲಿಸುತ್ತೇನೆ. ಕೆಲಸ ಸಿಕ್ಕ ಮೇಲೆ ಪೇಡೆ ತೆಗೆದುಕೊಂಡು ಗಿರಣಿಗೆ ಹೋಗಿದ್ದೆ. ಆ ಹೊತ್ತಿಗೆ ಅವರು ಡಬ್ಬಿಗಳ ಮೇಲೆ ಗಿರಾಕಿಗಳ ಹೆಸರನ್ನು ಎಡಗೈಯಿಂದ ದುಂಡಗೆ ಬರೆಯುವಷ್ಟು ಪಳಗಿದ್ದರು. ಅಂದು ಕೇಳಿಯೇ ಬಿಟ್ಟೆ.

"ನಿಮಗ ಗೊತ್ತಿತ್ತೇನ್ರಿ, ಅಕ್ಕೋರ?"

"ನೀ ಓಡಿ ಹೋಗಿ ಎಳಿಯೂದು ಕಾಣಲಿಲ್ಲೇನು ನನಗ? ಕೆಳಗಿದ್ದ ಹಿಡಿಕಿ ಯಾರರ ಎಳೀತಾರೇನು?" ಎಂದರು. ಪೇಡೆ ಬಾಯಿಗಿಟ್ಟುಕೊಂಡು, "ಆವತ್ತ ನೀ ಮೂರೂ ಸರಿ ಹೇಳಿದ್ದಿ," ಎಂದರು.

ಅವರು ತೀರಿಕೊಂಡಾಗ ನಾನು ಪರೀಕ್ಷೆಯ ಕೆಲಸದ ಮೇಲೆ ಬೇರೆ ಊರಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ.

ಈಗಲೂ ಕರೆಂಟು ಹೋದರೆ ಎದ್ದು ನಿಲ್ಲುತ್ತೇನೆ, ಎಲ್ಲಿದ್ದರೂ. ನನ್ನ ತರಗತಿಯ ಹುಡುಗಿಯರು ಅದನ್ನು ನೋಡಿ ನಗುತ್ತಾರೆ. ಎರಡನೆಯ ವರ್ಷ ಆ ಭೂತಕಾಲ ಬಂದಾಗ, ಕಲಿತು ಬಂದಿರಾ ಎಂದು ಕೇಳುತ್ತೇನೆ. ಬಂದೇವ್ರಿ ಎನ್ನುತ್ತಾರೆ. ಕೆಲವರ ಮುಖ ನೋಡಿದರೆ ಸುಳ್ಳೆಂದು ಗೊತ್ತಾಗುತ್ತದೆ. ನಾನು ಅವರ ನೋಟ್‌ಬುಕ್ಕು ತೆಗೆಸಿ ನೋಡುವುದಿಲ್ಲ. ಕರಿಹಲಗೆಯ ಕಡೆ ತಿರುಗಿ, ಅವರಿಗೆ ಬೆನ್ನು ಮಾಡಿ ನಿಂತು, ಎಡಗೈಯಿಂದ ಮೇಜಿನ ಮೇಲೆ ಮೊದಲ ಪೆಟ್ಟು ಹಾಕುತ್ತೇನೆ.