ನಾನೇ ಮಾಡಿದ ರೂಲ್ಸು

ವಿಜಯನಗರದಲ್ಲಿ ಕೆಟ್ಟ ಬೀದಿದೀಪಗಳನ್ನು ಮ್ಯಾಪಿನಲ್ಲಿ ತೋರಿಸುವ ವೆಬ್‌ಸೈಟೊಂದನ್ನು ನಾವೊಂದಷ್ಟು ಜನ ಬಿಡುವಿನಲ್ಲಿ ನಡೆಸುತ್ತೇವೆ. ಆರು ತಿಂಗಳ ಮೇಲೆ ಯಾರೂ ಲೀಡರ್ ಆಗಿರಬಾರದು, ಇಳಿದ ಮೇಲೆ ಕೈಯಾಡಿಸಬಾರದು ಅನ್ನೋ ರೂಲ್ಸು ತಂದವನು ನಾನೇ. ನನ್ನ ಸರದಿ ಮುಗಿದಾಗ, ನಾಗರಬಾವಿಯಲ್ಲಿ ಲಾ ಓದುವ ಸಹನಾಗೆ ಎಲ್ಲ ಕಲಿಸಿ ಒಪ್ಪಿಸಿದೆ.

ಮರುವಾರವೇ ನಮ್ಮ ಬೀದಿಯ ದೀಪ ಮ್ಯಾಪಿನಲ್ಲಿ ಪಕ್ಕದ ಬೀದಿಗೆ ಹೋಗಿ ಕೂತಿತ್ತು. ಸರಿಮಾಡೋಣ ಅಂತ ಹೋದರೆ ಪಾಸ್‌ವರ್ಡೇ ತಗೊಳ್ಳಲಿಲ್ಲ. ಸಹನಾಗೆ ಫೋನ್ ಮಾಡಿದೆ.

"ಬದಲಾಯಿಸಿದೀನಿ ಸಾರ್. ರೂಲ್ಸು ನಿಮ್ದೇ ಅಲ್ವಾ? ಏನ್ ತಪ್ಪಾಗಿದೆ ಹೇಳಿ, ನಾನ್ ನೋಡ್ಕೋತೀನಿ."

ಸಿಟ್ಟು ಬಂತು. ಆದರೆ ನನ್ನ ಕಾಫಿ ಆರೋದ್ರೊಳಗೆ ದೀಪ ತನ್ನ ಜಾಗಕ್ಕೆ ಬಂದಿತ್ತು.

"ನಾನು ತಯಾರು ಮಾಡಿದ ಹುಡುಗಿ ಕಣೇ!" ಅಂತ ಹೆಂಡತಿ ಮುಂದೆ ಬೀಗಿದೆ.

"ನಿಮ್ಮನ್ನ ಆಚೆ ಹಾಕೋದನ್ನೂ ಚೆನ್ನಾಗೇ ಕಲಿಸಿದೀರಿ ಬಿಡಿ," ಅಂದಳು.

ಅದೂ ನನಗೆ ಹೊಗಳಿಕೆ ಥರಾನೇ ಕೇಳಿಸ್ತು.