ಸಾರಿನ ಬೂದಿ, ಗ್ರ್ಯಾಫೈಟ್ ಪುಡಿ

ಉಂಡ ಅನ್ನಕ್ಕೆ, ಅದನ್ನು ಬಡಿಸಿದ ಕೈಗಳಿಗೆ, ಈ ವಯಸ್ಸಿನಲ್ಲೂ ನೆನಪನ್ನು ಉಳಿಸಿಕೊಟ್ಟ ಭಗವಂತನಿಗೆ ಮೊದಲು ಕೃತಜ್ಞತೆಯ ನಮಸ್ಕಾರ.

ಮೊನ್ನೆ ದೇವರಮನೆಯ ಬೀಗ ತಿರುಗದೆ ನಿಂತಿತು. ರಿಪೇರಿಗೆ ಬಂದವನು ಎಣ್ಣೆ ಬೇಡವೆಂದು ಚಿಟಿಕೆ ಗ್ರ್ಯಾಫೈಟ್ ಪುಡಿಯನ್ನು ಕೀಲಿಗೆ ಸವರಿದ. ಬೀಗ ತೆರೆಯಿತು. ಆದರೆ ನನ್ನ ಬೆರಳಿಗೆ ಹತ್ತಿದ ಕಪ್ಪು ಹೊಳಪು ತೊಳೆದರೂ ಹೋಗಲಿಲ್ಲ. ಹೂವೇರಿಸಲು ಚಾಚಿದ ಕೈ ಹಾಗೆಯೇ ನಿಂತಿತು... ಅಂಥ ಬೆರಳುಗಳನ್ನು ನಾನು ಹಿಂದೆ ಕಂಡಿದ್ದೆ.

ಚಾಮರಾಜನಗರದಲ್ಲಿ ನಾನು ಸಂಸ್ಕೃತ ಪಾಠ ಹೇಳುತ್ತಿದ್ದಾಗ, ಪಕ್ಕದ ಮನೆಯ ಸೊಸೆ ಕಲ್ಲು ಮಣ್ಣುಗಳನ್ನು ಪರೀಕ್ಷಿಸುವ ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಕರಿಕಲ್ಲಿನ ಗಣಿಗಳಿಂದ ಬಂದ ಚೂರುಗಳನ್ನು ನುಣ್ಣಗೆ ಅರೆದು, ಗ್ರ್ಯಾಫೈಟ್ ಪುಡಿ ಬೆರೆಸಿ, ವಿದ್ಯುತ್ ಕಿಡಿಯಲ್ಲಿ ಉರಿಸುವುದು ಅವಳ ಕೆಲಸ. ಕಲ್ಲಿನ ಪುಡಿ ತಾನಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಈ ಕಪ್ಪು ಪುಡಿ ದಾರಿ ಮಾಡಿಕೊಟ್ಟರೆ ಉರಿದು, ತನ್ನೊಳಗಿನ ಲೋಹಗಳನ್ನು ಬೆಳಕಿನ ಗೆರೆಗಳಾಗಿ ತೋರಿಸುತ್ತದೆ ಎಂದು ಅವಳೇ ನನಗೆ ವಿವರಿಸಿದ್ದಳು. ಮೊದಲು ಗ್ರ್ಯಾಫೈಟನ್ನಷ್ಟೇ ಉರಿಸಿ, ಅದು ಶುದ್ಧವೆಂದು ನೋಡಿಕೊಳ್ಳುವುದು ಅಲ್ಲಿನ ಪದ್ಧತಿ.

ಅವಳ ಅತ್ತೆ ತೆರಕಣಾಂಬಿಯ ಕಡೆಯವರು. ಮಾತು ಜೋರು, ಮನಸ್ಸು ಮೆದು. "ನಮ್ ಸೊಸೆ ಅಕ್ಕಿ ಹಿಟ್ಟಲ್ಲಿ ಕಟ್ಟುದ್ರೂ ರಾಗಿ ಮುದ್ದೆನೇ ಆಯ್ತದೆ ಕಣಿ ಮೇಷ್ಟ್ರೇ!" ಎಂದು ಆ ಕಪ್ಪು ಬೆರಳುಗಳನ್ನು ಆಡಿಕೊಳ್ಳುತ್ತಿದ್ದರು. "ಅದ್ಕೇ ಅಲ್ವಾ ಅತ್ತೆ, ಮುದ್ದೆ ಕೋಲು ನೀವು ಬುಟ್ಟುಕೊಡದೇ ಇರೋದು" ಎಂದು ಸೊಸೆ ನಗುತ್ತಿದ್ದಳು.

ಮನೆಯ ಒಂದೇ ಮಗು, ಆ ಸೊಸೆಯ ಮಗಳು, ಅಜ್ಜಿಯ ಹುಳಿಸಾರನ್ನು ಬಟ್ಟಲಲ್ಲಿ ಕುಡಿಯುತ್ತಿತ್ತು. ಮೊಮ್ಮಗಳಿಗೆಂದೇ ಅಜ್ಜಿ ತಮ್ಮ ತವರುಮನೆಯ ಹಿತ್ತಾಳೆ ಪಾತ್ರೆಗೆ ಗುಂಡ್ಲುಪೇಟೆಯಲ್ಲಿ ಹೊಸ ಕಲಾಯಿ ಹಾಕಿಸಿದ್ದರು. ಹುಳಿ ಹಿಡಿಯಲೆಂದು ಸಾರನ್ನು ಅದರಲ್ಲೇ ಬಿಟ್ಟು, ಮರುದಿನ ಬಿಸಿಮಾಡುತ್ತಿದ್ದರು. ಮಗುವಿಗೆ ಹೊಟ್ಟೆನೋವು ಬಂತು, ಮುಖ ಬಿಳಿಚಿತು. ದೃಷ್ಟಿ ತೆಗೆದದ್ದಾಯಿತು. ವಾಂತಿ ಹೆಚ್ಚಿ ಮೈ ಸೆಟೆದು ಫಿಟ್ಸ್ ಬಂದಾಗ ಮೈಸೂರಿಗೆ ಒಯ್ದರು. ರಕ್ತದಲ್ಲಿ ಸೀಸವಿದೆ, ಎಲ್ಲಿಂದ ಬಂತೆಂದು ಹುಡುಕಿ ಎಂದರು ವೈದ್ಯರು. ಹುಡುಕುವಷ್ಟು ಸಮಯವನ್ನು ಆ ಮಗು ಕೊಡಲಿಲ್ಲ...

"ನಿನ್ ಕೈ ಮಸಿನೇ ಕಣಮ್ಮಿ ಮಗೀನ ತಿಂದಿದ್ದು! ಕೆಲ್ಸ ಬುಡು ಅಂದ್ರೆ ಬುಟ್ಟಾ?" ಎಂದು ಅಜ್ಜಿ ಎದೆ ಬಡಿದುಕೊಂಡರು. ಸೊಸೆ ಅಳಲಿಲ್ಲ. ತಾನೇ ವಿಷ ತಂದೆನೋ ಎಂಬ ಶಂಕೆ ಅವಳಿಗೂ ಇತ್ತು.

ಉತ್ತರಕ್ರಿಯೆ ಮುಗಿದ ಮೇಲೆ ಅವಳು, ಮಸಿಯನ್ನು ಪರೀಕ್ಷಿಸಿ ಬರುತ್ತೇನೆಂದು ಅತ್ತೆಗೆ ಹೇಳಿ, ಪ್ರಯೋಗಾಲಯಕ್ಕೆ ಹೋಗಿ ಗ್ರ್ಯಾಫೈಟನ್ನಷ್ಟೇ ಉರಿಸಿದಳು. ಸೀಸದ ಗೆರೆ ಇಲ್ಲ. ಕೆಲಸದ ಸೀರೆಯಿಂದ ಕೊಡವಿದ ಧೂಳನ್ನು ಬೆರೆಸಿ ಉರಿಸಿದಳು. ಇಲ್ಲ. ಕೊನೆಗೆ, ಆ ಪಾತ್ರೆಯಲ್ಲಿ ತಾನೇ ಸಾರು ಮಾಡಿ, ಇಂಗಿಸಿ, ಸುಟ್ಟು, ಬೂದಿಗೆ ಗ್ರ್ಯಾಫೈಟ್ ಬೆರೆಸಿ ಉರಿಸಿದಳು. ಸೀಸದ ಗೆರೆಗಳು ಎದ್ದು ಕಂಡವು.

ಆ ಸಂಜೆ ನಮ್ಮ ಜಗಲಿಗೆ ಬಂದು ಕುಳಿತಳು. "ಮೇಷ್ಟ್ರೇ, ಕಲಾಯಿಲಿ ಸೀಸ ಬೆರ್ತಿದೆ. ಅತ್ತೆಗೆ ಹೇಳ್ಬೇಕಾ?"

ಸತ್ಯವನ್ನು ಕುರಿತು ಬದುಕೆಲ್ಲ ಪಾಠ ಹೇಳಿದ ನಾನು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿಟ್ಟೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಅಜ್ಜಿಯ ದನಿ: "ಏನಂತಮ್ಮಿ ನಿನ್ ಮಿಸನ್ನು? ನಾನ್ ಏಳಿದ್ದೇ ತಾನೆ?"

ಅವಳು ನನ್ನನ್ನೇ ನೋಡುತ್ತ ಕೂಗಿ ಹೇಳಿದಳು: "ಊಂ ಅತ್ತೆ. ನನ್ ಕೈ ಮಸಿನೇ."

ಪಾತ್ರೆ ತೂತಾಗಿದೆಯೆಂದು ಅತ್ತೆಗೆ ನೆಪ ಹೇಳಿ, ಅದನ್ನು ಗುಂಡ್ಲುಪೇಟೆಯ ಕಲಾಯಿಯವನ ಮುಂದಿಟ್ಟು ಸೀಸದ ವಿಷಯ ತಿಳಿಸಿದಳು. ಕಲಾಯಿಗೆಂದು ಕೊಂಡ ತವರ ಚೊಕ್ಕವೆಂದೇ ನಂಬಿದ್ದ ಆತ, ಒಲೆಗೆ ಗಾಳಿಯೂದುತ್ತಿದ್ದ ತಿದಿ ಬಿಟ್ಟು ತಲೆ ಹಿಡಿದು ಕುಳಿತನಂತೆ. ಕಲಾಯಿ ಹಾಕಿದ್ದ ಮನೆಗಳಿಗೆಲ್ಲ ಅವಳೊಡನೆ ಹೋಗಿ ಪಾತ್ರೆಗಳನ್ನು ಹಿಂದಕ್ಕೆ ಪಡೆದ. ಅವಳು ಕೆಲಸ ಬಿಟ್ಟಳು. ಬೆರಳುಗಳು ಬೆಳ್ಳಗಾದವು. ಆದರೂ ಅಜ್ಜಿ ಅವಳನ್ನು ಒಲೆಯ ಬಳಿಗೆ ಸೇರಿಸಲಿಲ್ಲ. ಅವಳ ಕೈಯ ನೀರನ್ನೂ ಮುಟ್ಟಲಿಲ್ಲ.

ಜ್ವರವೊಂದು ನೆಪವಾಗಿ ಸೊಸೆ ತೀರಿಹೋಗಿ ವರ್ಷಗಳಾದವು. ಅಜ್ಜಿ ಈ ಬೇಸಿಗೆಯಲ್ಲಿ ತೀರಿಕೊಂಡರು, ಏನೂ ತಿಳಿಯದೆ. ಆದ್ದರಿಂದಲೇ ಈಗ ಬರೆದೆ. ಮೊನ್ನೆ ಬೆರಳನ್ನು ಮತ್ತೆ ತೊಳೆಯಲಿಲ್ಲ. ಆ ಕಪ್ಪಿನೊಡನೆಯೇ ದೇವರಿಗೆ ಹೂವಿಟ್ಟೆ.

ಸಾರು ಬಡಿಸಿದ ಅಜ್ಜಿಗೆ, ಉಂಡ ಮಗುವಿಗೆ, ಮನೆಮನೆ ನಡೆದ ಕಲಾಯಿಯವನಿಗೆ, ತನ್ನದಲ್ಲದ ಮಸಿಯನ್ನು ಕೈಗೆ ಹಚ್ಚಿಕೊಂಡು ಹೋದ ಆ ಹೆಣ್ಣುಮಗಳಿಗೆ... ಎಲ್ಲರಿಗೂ ಒಳ್ಳೆಯದಾಗಲಿ.