ಹಿಟ್ಟಿನ ಬಟ್ಟಲಿನ ನೀರು

ಮಂಗಳೂರಿನಿಂದ ಕುವೈತಿಗೆ ವಿಮಾನದಲ್ಲಿ ಸುಮಾರು ಐದು ಗಂಟೆ. ಇಳಿದಾಗ ಬೆಳಿಗ್ಗೆ ಹತ್ತೂವರೆ, ಹೊರಗೆ ನಲವತ್ತೈದು ಡಿಗ್ರಿ. ನಾನು ಊರು ನೋಡಲು ಹೋದವಳಲ್ಲ. ಹಿಂದಿನ ಬೇಸಿಗೆಯಲ್ಲಿ ನನ್ನ ತಮ್ಮ ಜಗದೀಶ ಅಲ್ಲಿ ತೀರಿಕೊಂಡಿದ್ದ. ದೇಹ ಊರಿಗೆ ಬಂತು, ಉತ್ತರಕ್ರಿಯೆಯೂ ಮುಗಿಯಿತು. ಆದರೆ ಕೊನೆಗೆ ಅವನ ಬಾಯಿಗೆ ನೀರು ಬಿಟ್ಟವರು ಯಾರು ಎಂದು ಅಮ್ಮ ದಿನಾ ಕೇಳುತ್ತಿದ್ದಳು. ಅವನ ಜೊತೆ ರೂಮಿನಲ್ಲಿದ್ದ ಸುಧಾಕರ ಫೋನಿನಲ್ಲಿ ಒಮ್ಮೆ "ನಾನೇ ಬಿಟ್ಟೆ, ರೂಮಿನಲ್ಲಿ" ಎಂದಿದ್ದ. ಇನ್ನೊಮ್ಮೆ ಆಸ್ಪತ್ರೆಯಲ್ಲಿ ಎಂದ. ಅಮ್ಮ ಎರಡನ್ನೂ ನೆನಪಿಟ್ಟುಕೊಂಡಿದ್ದಳು. "ಫೋನಲ್ಲಿ ಆಗುವ ಮಾತಲ್ಲ, ನೀನೇ ಹೋಗಿ ಕೇಳಿ ಬಾ" ಎಂದಳು.

ಮೊದಲ ದಿನ ಮೈದಾನ್ ಹವಲ್ಲಿಯಲ್ಲಿ ಚಿಕ್ಕಮ್ಮನ ಮಗಳು ವನಿತಾಳ ಮನೆಯಲ್ಲಿ ಮಲಗಿಯೇ ಇದ್ದೆ. ಕಿಟಕಿಯ ಗಾಜು ಮುಟ್ಟಿದರೆ ಕಾವಲಿ ಮುಟ್ಟಿದ ಹಾಗೆ. ಮರುದಿನ ಸುಧಾಕರನ ರೂಮಿರುವ ಮಹಬೂಲಾಕ್ಕೆ ಹೊರಟೆ. ಎರಡು ಬಸ್ಸು, ಎರಡಕ್ಕೂ ಸೇರಿ ಆರುನೂರು ಫಿಲ್ಸ್ ಟಿಕೆಟ್ಟು. ದಾರಿಯುದ್ದಕ್ಕೂ ಮಣ್ಣಿನ ಬಣ್ಣದ ಎತ್ತರದ ಕಟ್ಟಡಗಳು. ಸಮುದ್ರ ಹತ್ತಿರವೇ ಇತ್ತಂತೆ, ನನಗೆ ಕಾಣಲಿಲ್ಲ.

ಸುಧಾಕರ ಕಾರ್ಕಳದ ಕಡೆಯವ, ಹೋಟೆಲಿನಲ್ಲಿ ಕೆಲಸ. ಚಾ ಮಾಡಿ ಕೊಟ್ಟ. ಅದು ಆರುವವರೆಗೂ ಬೇರೆ ಬೇರೆ ಮಾತಾಡಿದ.

"ಸುಧಾಕರ, ನೀರು ಬಿಟ್ಟದ್ದು ನೀನೇ ಹೌದಾ?" ಎಂದು ಕೇಳಿದೆ.

"ಅಕ್ಕ, ಅದಕ್ಕೇ ಇಷ್ಟು ದೂರ ಬಂದ್ರಾ ಮಾರಾಯ್ರೆ?" ಎಂದವನು ಚಾದ ಲೋಟ ಕೆಳಗಿಟ್ಟ. "ನಾನು ಡ್ಯೂಟಿಯಲ್ಲಿದ್ದೆ ಅಕ್ಕ. ಅಮ್ಮ ಕೇಳಿದ ಸ್ವರಕ್ಕೆ ಇಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರಲಿಲ್ಲ. ಜಗ್ಗಣ್ಣ ಬಿದ್ದದ್ದು ಕೆಳಗೆ ಇರಾನಿಯ ರೊಟ್ಟಿ ಅಂಗಡಿಯಲ್ಲಿ. ಬನ್ನಿ, ಆ ಇರಾನಿಯನ್ನೇ ಕೇಳಿ."

ಅಂಗಡಿ ಒಂದೇ ಕೋಣೆ. ಒಳಗೆ ತಂದೂರು, ಕಿಟಕಿಯ ಹೊರಗೆ ಗಿರಾಕಿಗಳ ಸಾಲು. ರೊಟ್ಟಿ ಮಾಡುವ ರೆಜಾ ಅರುವತ್ತು ದಾಟಿದವರು. ಅವರ ಹಿಂದಿ ಗಿರಾಕಿಗಳಿಂದ ಕಲಿತದ್ದು, ನನ್ನದು ಪರೀಕ್ಷೆಗೆ ಓದಿದ್ದು. ನಡುವೆ ಸುಧಾಕರ ತೇಪೆ ಹಾಕಿದ. ನಾನು ಯಾರೆಂದು ತಿಳಿದಾಗ ರೆಜಾ ಸ್ಟೂಲು ಕೊಟ್ಟರು. "ನಿಮ್ಮ ತಮ್ಮ ದಿನಾ ಬೈಯುತ್ತಿದ್ದ, ಚಾಚಾ ರೊಟ್ಟಿ ಸುಟ್ಟಿದೆ ಅಂತ. ಆಮೇಲೆ ಸುಟ್ಟದ್ದನ್ನೇ ಆರಿಸಿಕೊಂಡು ಹೋಗುತ್ತಿದ್ದ" ಎಂದರು. ಅವನು ಮನೆಯಲ್ಲೂ ಹಾಗೆಯೇ.

ಕೇಳಬೇಕಾದದ್ದು ನಾಲಗೆಗೆ ಬರಲಿಲ್ಲ. ನಿಮ್ಮ ಊರು ಯಾವುದು ಎಂದೆ.

ಶಿರಾಜಿನ ಆಚೆ, ಬೆಟ್ಟದ ಬುಡದಲ್ಲಿ ಎಂದರು. ಹಿಮ ಕರಗಿದ ನೀರು ನೆಲದಡಿಯ ಕಾಲುವೆಯಲ್ಲಿ ಊರಿಗೆ ಬರುತ್ತಿತ್ತು. ಗದ್ದೆಗಳಿಗೆ ಪಾಳಿಯ ಮೇಲೆ ನೀರು. ಅದರಲ್ಲಿ ಒಂದು ಪಾಳಿಯನ್ನು ಯಾರೋ ಹಿರಿಯರು ಹಿಂದೆಯೇ ಇಮಾಮ್ ಹುಸೇನರ ಹೆಸರಿಗೆ ಬಿಟ್ಟಿದ್ದರು. ಪ್ರವಾದಿಯ ಮೊಮ್ಮಗ ಕರ್ಬಲಾದಲ್ಲಿ ನೀರು ಸಿಗದೆ ಬಾಯಾರಿ ಮಡಿದರಲ್ಲ, ಅದಕ್ಕೆ. ಆ ನೀರಿನಲ್ಲಿ ಬೆಳೆದ ಗೋಧಿ ಯಾರಿಗೂ ಸೇರಿದ್ದಲ್ಲ. ಮೊಹರಂನಲ್ಲಿ ಅದರಿಂದ ಇಡೀ ಊರಿಗೆ ಊಟ, ದಾರಿಹೋಕರಿಗೂ. ಜಗಳವಾಡಿ ಮಾತು ಬಿಟ್ಟವರೂ ಅಂದು ಒಂದೇ ಸಾಲಿನಲ್ಲಿ ಕೂರಬೇಕು. "ನಮ್ಮೂರನ್ನು ಊರಾಗಿ ಕಟ್ಟಿದ್ದೇ ಆ ಪಾಳಿ" ಎಂದರು.

"ಈಗ?"

"ಈಗ ಹಿಮ ಇಲ್ಲ. ಕಾಳು ಹಾಲುಗಟ್ಟುವ ಮೊದಲೇ ಸೆಕೆ ಬರುತ್ತದೆ. ತೆನೆ ನೋಡಲು ಚಂದ, ಉಜ್ಜಿದರೆ ಹೊಟ್ಟು. ಕಾಲುವೆಯೂ ಒಣಗಿತು. ಇಮಾಮರ ಊಟಕ್ಕೆ ಪೇಟೆಯಿಂದ ಹಿಟ್ಟಿನ ಚೀಲ ತರುತ್ತಾರೆ."

ನಮ್ಮಲ್ಲೂ ಹೋದ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಭತ್ತ ತೆನೆಯಲ್ಲೇ ಮೊಳೆತಿತ್ತು, ಹೊಸ ಅಕ್ಕಿ ಊಟಕ್ಕೆ ಅಂಗಡಿಯ ಅಕ್ಕಿ ಬೇಯಿಸಿದೆವು ಎಂದೆ. ಅವರು ತಲೆಯಾಡಿಸಿದರು. ಹೊರಗಿನಿಂದ ಯಾರೋ "ಯಲ್ಲಾ ಚಾಚಾ, ಬೇಗ, ಊಟದ ಬಿಡುವು ಮುಗಿಯಿತು" ಎಂದ. "ಖಲಾಸ್, ಆಯಿತು, ನಾಲ್ಕೇ ನಿಮಿಷ" ಎಂದರು ರೆಜಾ. ರೊಟ್ಟಿಗೆ ಕೈ ಹಾಕಲಿಲ್ಲ.

"ಬೆಹೆನ್‌ಜೀ, ಬಾಯಾರಿದವರಿಗೆ ನೀರು ಕೊಡು ಅನ್ನುವುದನ್ನು ಮಾತು ಬರುವ ಮೊದಲೇ ಕಲಿತವನು ನಾನು. ನಿಮ್ಮ ತಮ್ಮ ಈ ಕಿಟಕಿಯ ಕೆಳಗೆ ಬಿದ್ದು ನೀರು ಕೇಳಿದ. ಲೋಟ ತುಂಬಿಸಿದೆ. ಕೊಡಬೇಡ, ಗಂಟಲಿಗೆ ಸಿಕ್ಕೀತು, ಆಂಬ್ಯುಲೆನ್ಸ್ ಬರಲಿ ಎಂದು ಸಾಲಿನವರೆಲ್ಲ ಕೂಗಿದರು. ನಾನು ಕೊಡಲಿಲ್ಲ."

ಸುಧಾಕರ ನೆಲ ನೋಡುತ್ತಿದ್ದ.

ರೆಜಾ ತಂದೂರಿನ ಪಕ್ಕದ ಬಟ್ಟಲು ತೋರಿಸಿದರು. ಹಿಟ್ಟು ಅಂಟದ ಹಾಗೆ ಕೈ ಅದ್ದಿಕೊಳ್ಳುವ ನೀರು, ಬೆಳ್ಳಗೆ ಕದಡಿತ್ತು. "ಲೋಟ ಕೆಳಗಿಟ್ಟು ಈ ಬಟ್ಟಲು ಹಿಡಿದು ಹೊರಗೆ ಹೋದೆ. ಇದರಲ್ಲಿ ಬೆರಳು ಅದ್ದಿ ತುಟಿಗೆ ಹಚ್ಚಿದೆ. ಎರಡು ಸಲ. ಅವನು ನೆಕ್ಕಿದ. ಮೂರನೆಯ ಸಲ ನೆಕ್ಕಲಿಲ್ಲ. ಶುದ್ಧವಾದ ನೀರಲ್ಲ ಅದು. ತಪ್ಪಾಯಿತೋ ಏನೋ, ಕೇಳೋಣವೆಂದರೆ ನಿಮ್ಮ ಕಡೆಯ ಯಾರೂ ಬರಲಿಲ್ಲ."

ತಪ್ಪಿಲ್ಲ ಎಂದು ಹಿಂದಿಯಲ್ಲಿ ಹೇಳಲು ಹೊರಟವಳು ಆ ಬಟ್ಟಲಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ರೆಜಾ ಬೆನ್ನು ತಿರುಗಿಸಿ ಹಿಟ್ಟು ತಟ್ಟತೊಡಗಿದರು.

ಉಳಿದ ಎರಡು ದಿನಗಳ ಬಗ್ಗೆ ಬರೆಯುವಂಥದ್ದು ಇಲ್ಲ. ವನಿತಾ ಕುವೈತ್ ಸಿಟಿಯ ಹಳೆಯ ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಕಾಲು ಸೋತು ಒಂದು ಜಗಲಿಯಲ್ಲಿ ಕುಳಿತೆ.

ಊರಿಗೆ ತಲುಪಿದಾಗ ಮಳೆ ಹನಿಯುತ್ತಿತ್ತು. ಅಮ್ಮ ಮಂಚದಲ್ಲಿ ಎದ್ದು ಕುಳಿತು ಕಾಯುತ್ತಿದ್ದಳು. ಸುಧಾಕರ ಹೇಳಿದ ಸುಳ್ಳನ್ನೇ ಮುಂದುವರಿಸಬಹುದೆಂದು ವಿಮಾನದಲ್ಲಿ ಯೋಚಿಸಿದ್ದೆ. ಆಗಲಿಲ್ಲ. ಲೋಟ, ಕೂಗಿದ ಜನ, ಬಟ್ಟಲು, ಎರಡು ಸಲ ತುಟಿಗೆ ಹಚ್ಚಿದ ಬೆರಳು, ನಡೆದ ಹಾಗೆಯೇ ಹೇಳಿದೆ.

ಅಮ್ಮ ಹೊದಿಕೆಯನ್ನು ಮಂಡಿಯವರೆಗೆ ಎಳೆದುಕೊಂಡಳು.

"ಬೆಂಕಿಯ ಬುಡದಲ್ಲಿ ಇರುವವನು" ಎಂದಳು ಆಮೇಲೆ. "ಕೈ ಬೆಚ್ಚಗೆ ಇದ್ದಿರಬೇಕು."

ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಿಗ್ಗೆ ಗಂಜಿ ಕೇಳಿದಳು, ಬೇರೇನನ್ನೂ ಕೇಳಲಿಲ್ಲ.